ಎಚ್ಚರದ ಹೊಸ್ತಿಲಲ್ಲಿ ಕನಸು

ಬೆಳಗಿನ ಜಾವದ ಕನಸು ನಿಜವಾಗುವುದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹಲ್ಲು ಬಿದ್ದಂತೆ ಕನಸಾದರೆ ಕೇಡು, ಹಾವು ಕಂಡರೆ ಇಂಥ ಫಲ ಎಂದು ಹೇಳುವವರು ಇಂದಿಗೂ ಇದ್ದಾರೆ. ಇತ್ತ ವಿಜ್ಞಾನವನ್ನು ಓದಿದ ತರುಣರಲ್ಲಿ ಅನೇಕರು ಕನಸನ್ನು ಮಿದುಳಿನ ಗೊಂದಲವೆಂದು ತಳ್ಳಿಹಾಕುತ್ತಾರೆ. ಈ ಎರಡು ನಿಲುವುಗಳಲ್ಲಿ ಯಾವುದನ್ನೂ ನಾವು ಒಪ್ಪಲಾರೆವು. ಕನಸಿಗೆ ಭವಿಷ್ಯವನ್ನು ತಿಳಿಸುವ ಶಕ್ತಿಯಿಲ್ಲ. ಆದರೆ ಕಂಡವನ ಅಂತರಂಗವನ್ನು ಅವನಿಗೇ ತೋರಿಸುವ ಶಕ್ತಿ ಅದಕ್ಕಿದೆ. ಎದ್ದೊಡನೆ ಅದನ್ನು ನೆನೆಯುವುದು ಆತ್ಮಸಾಧನೆಯ ಒಂದು ಸುಲಭವಾದ ಅಂಗವೆಂದು ನಮ್ಮ ಅಭಿಪ್ರಾಯ.

ಮೊದಲು ವಿಜ್ಞಾನದ ಮಾತನ್ನು ಕೇಳೋಣ. ಷಿಕಾಗೋ ವಿಶ್ವವಿದ್ಯಾನಿಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಎಂಬ ಸಂಶೋಧಕರು, ನಿದ್ರೆಯ ಕೆಲವು ಅವಧಿಗಳಲ್ಲಿ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗಳು ವೇಗವಾಗಿ ಚಲಿಸುವುದನ್ನು 1953ರಲ್ಲಿ ಪ್ರಕಟಿಸಿದರು. 1957ರಲ್ಲಿ ವಿಲಿಯಂ ಡಿಮೆಂಟ್ ಮತ್ತು ಕ್ಲೈಟ್‌ಮನ್ ನಡೆಸಿದ ಪರೀಕ್ಷೆಯಲ್ಲಿ, ಅಂಥ ಅವಧಿಯಲ್ಲಿ ಎಬ್ಬಿಸಿದಾಗ ನೂರಕ್ಕೆ ಸುಮಾರು 80 ಸಲ ಮಲಗಿದ್ದವರು ಕನಸನ್ನು ವಿವರಿಸಿದರು. ಬೇರೆ ಅವಧಿಗಳಲ್ಲಿ ಎಬ್ಬಿಸಿದಾಗ ಸುಮಾರು 7 ಸಲ ಮಾತ್ರ. ಉಳಿದ ನಿದ್ರೆಯಲ್ಲಿಯೂ ಕನಸುಗಳುಂಟೆಂದು ಅನಂತರದ ಸಂಶೋಧನೆಗಳು ತೋರಿಸಿವೆ. ಅವು ಸಾಮಾನ್ಯವಾಗಿ ಅಷ್ಟು ಸ್ಪಷ್ಟವಲ್ಲ.

ಈ ಕಣ್ಚಲನೆಯ ನಿದ್ರೆ ಸುಮಾರು 90 ನಿಮಿಷಗಳಿಗೊಮ್ಮೆ ಮರಳಿ ಬರುತ್ತದೆ. ರಾತ್ರಿ ಕಳೆದಂತೆ ಅದರ ಅವಧಿ ಹೆಚ್ಚುತ್ತ ಹೋಗಿ, ಬೆಳಗಿನ ಜಾವಕ್ಕೆ ಅತ್ಯಂತ ದೀರ್ಘವಾಗುತ್ತದೆ. ನಾವು ಏಳುವುದೂ ಹೆಚ್ಚಾಗಿ ಆ ಹೊತ್ತಿಗೇ. ಬೆಳಗಿನ ಕನಸಿಗೆ ನಮ್ಮ ಹಿರಿಯರು ವಿಶೇಷ ಮಹತ್ತ್ವವನ್ನು ಕೊಟ್ಟುದಕ್ಕೆ ಇದೇ ಕಾರಣವಿರಬಹುದು. ಅದು ನಿಜವಾಗುವ ಕನಸಲ್ಲ, ನೆನಪಿನಲ್ಲಿ ಉಳಿಯುವ ಕನಸು.

ಆದರೂ ಅದು ಎಷ್ಟು ಬೇಗ ಮರೆಯಾಗುತ್ತದೆ! ಎಚ್ಚರದಲ್ಲಿ ಮಿದುಳನ್ನು ಜಾಗೃತವಾಗಿಡುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಈ ನಿದ್ರೆಯಲ್ಲಿ ಬಹಳ ಕಡಮೆಯಾಗಿರುವುದು ಮರೆವಿಗೆ ಒಂದು ಕಾರಣವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಎದ್ದೊಡನೆ ಬೇರೆಡೆಗೆ ಹೋಗುವ ಗಮನವೂ ಅದನ್ನು ಅಳಿಸುತ್ತದೆ. ಕಣ್ಣು ಬಿಡುವ ಮೊದಲೇ ಮೊಬೈಲಿಗೆ ಕೈ ನೀಡುವ ವಿದ್ಯಾರ್ಥಿಗೆ ಕನಸು ಉಳಿಯುವುದೆಂತು?

ಆಸ್ಟ್ರಿಯದ ವಿಜ್ಞಾನಿ ಆಟೋ ಲೋವಿ ಒಂದು ರಾತ್ರಿ ಕನಸಿನಿಂದೆದ್ದು ಪ್ರಯೋಗವೊಂದನ್ನು ಚೀಟಿಯಲ್ಲಿ ಗೀಚಿಟ್ಟು ಮಲಗಿದರಂತೆ; ಬೆಳಗ್ಗೆ ತಮ್ಮ ಬರಹ ತಮಗೇ ತಿಳಿಯಲಿಲ್ಲ. ಮರುರಾತ್ರಿ ಅದೇ ವಿಚಾರ ಮತ್ತೆ ಹೊಳೆಯಲು, ಅವರು ತಡಮಾಡದೆ ಪ್ರಯೋಗಾಲಯಕ್ಕೆ ಹೋದರು. ಕಪ್ಪೆಯ ಹೃದಯದ ಮೇಲಿನ ಆ ಪ್ರಯೋಗ, ನರಗಳ ಸಂದೇಶವನ್ನು ರಾಸಾಯನಿಕ ವಸ್ತು ಸಾಗಿಸಬಲ್ಲುದೆಂದು ತೋರಿಸಿತು. 1921ರಲ್ಲಿ ಪ್ರಕಟವಾಗಿ, 1936ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲನ್ನು ತಂದಿತು. ಆ ಊಹೆ ಅನೇಕ ವರ್ಷಗಳ ಹಿಂದೆಯೇ ತಮ್ಮ ಮನಸ್ಸಿನಲ್ಲಿತ್ತೆಂದು ಲೋವಿ ಅವರೇ ಹೇಳಿದ್ದಾರೆ. ಕನಸು ಹೊರಗಿನಿಂದ ಏನನ್ನೂ ತರಲಿಲ್ಲ, ಒಳಗಿದ್ದುದನ್ನೇ ಎತ್ತಿಕೊಟ್ಟಿತು.

ಈ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಜನಕನಿಗೆ, ಸ್ವಪ್ನದ ರಥ, ಕುದುರೆ, ದಾರಿಗಳನ್ನೆಲ್ಲ ಕಾಣುವವನೇ ನಿರ್ಮಿಸಿಕೊಳ್ಳುತ್ತಾನೆಂದು ವಿವರಿಸುತ್ತಾನೆ. ನಿರ್ಮಿಸುವವನು ತಾನೇ ಆದಮೇಲೆ, ಅದನ್ನು ಪರಿಶೀಲಿಸುವ ಹೊಣೆಯೂ ತನ್ನದೇ ಅಲ್ಲವೆ? ಗೆಳೆಯನ ಜಯಕ್ಕೆ ಹಗಲಿನಲ್ಲಿ ಚಪ್ಪಾಳೆ ತಟ್ಟಿದವನು ಕನಸಿನಲ್ಲಿ ಅವನ ಪದಕವನ್ನು ಬಚ್ಚಿಡಬಹುದು. ಇದರಿಂದ ಅವನು ಅಪರಾಧಿಯೆಂದು ತೀರ್ಮಾನವಾಗದು. ‘ನನ್ನಲ್ಲಿ ಅಸೂಯೆ ಇದೆಯೆ?’ ಎಂಬ ಪ್ರಶ್ನೆಯೊಂದು ಅವನ ಮುಂದೆ ನಿಲ್ಲುತ್ತದೆ. ಎಚ್ಚರದಲ್ಲಿ ನಮ್ಮನ್ನು ನಾವೇ ಸಮರ್ಥಿಸಿಕೊಳ್ಳುತ್ತ ಇಂಥ ಪ್ರಶ್ನೆಯನ್ನು ಸುಲಭವಾಗಿ ತಪ್ಪಿಸಿಕೊಳ್ಳುತ್ತೇವೆ.

ಕನಸೆಂಬುದು ಮಿದುಳಿನ ಕಾಂಡದಿಂದ ಏಳುವ ಅಡ್ಡಾದಿಡ್ಡಿ ಪ್ರಚೋದನೆಗಳಿಗೆ ಮೇಲ್ಮಿದುಳು ಕಟ್ಟುವ ಕಥೆಯೆಂದು ಹಾರ್ವರ್ಡಿನ ಹಾಬ್ಸನ್ ಮತ್ತು ಮೆಕಾರ್ಲಿ 1977ರಲ್ಲಿ ವಾದಿಸಿದರು. ಈ ವಾದದ ಬಗ್ಗೆ ಚರ್ಚೆಗಳುಂಟು. ಅದು ನಿಜವೆಂದೇ ಇಟ್ಟುಕೊಳ್ಳೋಣ. ಗಾಳಿ ಗೊತ್ತುಗುರಿಯಿಲ್ಲದೆ ಬೀಸಿದರೂ ಮಾವಿನ ಮರದಿಂದ ಉದುರುವುದು ಮಾವೇ. ಕಥೆಗೆ ಬೇಕಾದ ಭಯ, ಆಸೆ, ಮುಖಗಳೆಲ್ಲ ನಮ್ಮ ಬಾಳಿನಿಂದಲೇ ಬಂದವು.

ಕನಸನ್ನು ನೆನೆಯುವ ಕ್ರಮವೂ ಸುಲಭ. ಎಚ್ಚರವಾದೊಡನೆ ಅಲುಗದೆ, ಕಣ್ಣು ಮುಚ್ಚಿ ಒಂದೆರಡು ನಿಮಿಷ ಮಲಗಿರಿ. ಕೊನೆಗೆ ಕಂಡುದನ್ನು ಹಿಡಿದು ಹಿಂದಕ್ಕೆ ಸಾಗಿರಿ. ಬಳಿಕ ಪುಸ್ತಕದಲ್ಲಿ ಬರೆದಿಡಿರಿ. ಕಂಡಷ್ಟನ್ನೇ ಬರೆಯಬೇಕು, ಮರೆತ ಕಡೆ ಜಾಗ ಬಿಡಬೇಕು. ಕಥೆಯನ್ನು ಚಂದಗಾಣಿಸುವ ಆಸೆಯನ್ನು ಅಡಗಿಸುವುದೇ ಸತ್ಯದ ಅಭ್ಯಾಸ. ಪ್ರಯೋಗಾಲಯದಲ್ಲಿ ಬೇಕಾದ ಗುಣವೂ ಇದೇ. ಇದಕ್ಕಾಗಿ ನಿದ್ದೆಗೆಡಬಾರದು. ಒಂದೇ ಭಯಂಕರ ಸ್ವಪ್ನ ಮತ್ತೆ ಮತ್ತೆ ಕಾಡಿದರೆ ಅದನ್ನು ಒಬ್ಬರೇ ಕೆದಕುತ್ತ ಕೂರದೆ, ಹಿರಿಯರಿಗೆ ತಿಳಿಸಿ ವೈದ್ಯರನ್ನು ಕಾಣಬೇಕು.

ಕೆಟ್ಟ ಕನಸು ಬಿತ್ತೆಂದು ಪರೀಕ್ಷೆಗೆ ಹೋಗಲು ಹಿಂಜರಿಯುವ ವಿದ್ಯಾರ್ಥಿ ಕನಸಿಗೆ ದಾಸನಾಗುತ್ತಾನೆ. ಅದನ್ನು ಬರೆದಿಟ್ಟು, ತನ್ನ ಅಂಜಿಕೆಯನ್ನು ಗುರುತಿಸಿ, ಪರೀಕ್ಷೆಗೆ ಹೊರಡುವವನು ತನ್ನನ್ನು ತಾನು ಅಷ್ಟರಮಟ್ಟಿಗೆ ಅರಿತುಕೊಳ್ಳುತ್ತಾನೆ. ನಮ್ಮ ತರುಣರು ಈ ಎರಡನೆಯ ದಾರಿಯನ್ನು ಹಿಡಿಯಲೆಂದು ನಾವು ಬಯಸುತ್ತೇವೆ.