ಎಟಿವಿಗೆ ದೊಡ್ಡ ಕ್ಯಾಮ್‌ಶಾಫ್ಟ್ ಹಾಕಿದರೆ ಪವರ್ ಹೆಚ್ಚುತ್ತದೆಯೇ? ವಾಲ್ವ್ ಸ್ಪ್ರಿಂಗ್ ಮರೆತರೆ ಏನಾಗುತ್ತದೆ?

ಕ್ಯಾಮ್‌ಶಾಫ್ಟ್ ಒಂದನ್ನು ಬದಲಿಸಿದರೆ ಸಾಕು, ಎಟಿವಿ ಹಾರುತ್ತದೆ ಎನ್ನುವ ಮಾತು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ. ಉಳಿದರ್ಧ ಗೊತ್ತಿಲ್ಲದೆ ಕೈಹಾಕಿದರೆ ಎಂಜಿನ್ನೇ ಹೋಗಬಹುದು.

ಕ್ಯಾಮ್‌ಶಾಫ್ಟ್ ಮಾಡುವುದೇನು?

ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಗಾಳಿ ಒಳಬರಲು, ಹೊಗೆ ಹೊರಹೋಗಲು ವಾಲ್ವ್‌ಗಳಿರುತ್ತವೆ. ಅವುಗಳನ್ನು ತೆರೆಯುವುದು ಕ್ಯಾಮ್‌ಶಾಫ್ಟ್‌ನ ಉಬ್ಬು. ಮುಚ್ಚುವುದು ಸ್ಪ್ರಿಂಗ್. ಯಮಹಾ ರ‍್ಯಾಪ್ಟರ್ 700 ಎಟಿವಿಯ 686 ಸಿಸಿ ಎಂಜಿನ್‌ನಲ್ಲಿ ಒಂದೇ ಸಿಲಿಂಡರ್, ನಾಲ್ಕು ವಾಲ್ವ್. ಹಳೆಯ ಯಮಹಾ ಬ್ಯಾನ್‌ಶೀ ಎರಡು ಸ್ಟ್ರೋಕ್‌ನದು. ಅದರಲ್ಲಿ ಕ್ಯಾಮ್‌ಶಾಫ್ಟೇ ಇಲ್ಲ, ಹಾಗಾಗಿ ಈ ಸಲಹೆ ಅದಕ್ಕೆ ಅನ್ವಯಿಸುವುದೇ ಇಲ್ಲ.

ಉಬ್ಬು ದೊಡ್ಡದಾದರೆ ವಾಲ್ವ್ ಹೆಚ್ಚು ಎತ್ತರಕ್ಕೆ, ಹೆಚ್ಚು ಹೊತ್ತು ತೆರೆದಿರುತ್ತದೆ. ಹೆಚ್ಚಿನ ಆರ್‌ಪಿಎಂನಲ್ಲಿ ಎಂಜಿನ್ ಹೆಚ್ಚು ಗಾಳಿ ಎಳೆದುಕೊಂಡು ಪವರ್ ಏರುತ್ತದೆ. ಆದರೆ ಇದು ಪುಕ್ಕಟೆ ಅಲ್ಲ. ಕಡಿಮೆ ವೇಗದಲ್ಲಿ ಎಳೆತ ಕುಗ್ಗಬಹುದು, ಐಡಲಿಂಗ್ ಒರಟಾಗಬಹುದು. ಮರಳುದಿಬ್ಬದ ಮೇಲೆ ಓಡಿಸುವವರಿಗೆ ಲಾಭ. ಕಾಡುದಾರಿ, ಕೆಸರಿನಲ್ಲಿ ನಿಧಾನ ಹೋಗುವವರಿಗೆ ನಷ್ಟವೇ ಆಗಬಹುದು.

ಸ್ಪ್ರಿಂಗ್ ಏಕೆ ಮುಖ್ಯ?

ಎಂಜಿನ್ 9000 ಆರ್‌ಪಿಎಂನಲ್ಲಿದ್ದಾಗ ಕ್ಯಾಮ್ ಅದರ ಅರ್ಧ, ಅಂದರೆ 4500 ಸುತ್ತು ತಿರುಗುತ್ತದೆ. ಪ್ರತಿ ವಾಲ್ವ್ ಸೆಕೆಂಡಿಗೆ 75 ಸಲ ತೆರೆದು ಮುಚ್ಚಬೇಕು. ವೇಗ ಏರಿದಂತೆ ಸ್ಪ್ರಿಂಗ್ ಮೇಲಿನ ಹೊರೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 9000ದಿಂದ 10000ಕ್ಕೆ ಹೋದರೆ ವೇಗ ಹೆಚ್ಚುವುದು ಶೇ. 11, ಬೇಕಾದ ಬಲ ಮಾತ್ರ ಸುಮಾರು ಶೇ. 23 ಹೆಚ್ಚು.

ಸ್ಪ್ರಿಂಗ್‌ಗೆ ಅಷ್ಟು ಬಲವಿಲ್ಲದಿದ್ದರೆ ವಾಲ್ವ್ ಸಮಯಕ್ಕೆ ಮುಚ್ಚುವುದಿಲ್ಲ. ಇದನ್ನು ‘ವಾಲ್ವ್ ಫ್ಲೋಟ್’ ಎನ್ನುತ್ತಾರೆ. ಮೊದಲು ಪವರ್ ಬೀಳುತ್ತದೆ. ಅತಿಯಾದರೆ ಮೇಲೆ ಬರುವ ಪಿಸ್ಟನ್, ಇನ್ನೂ ತೆರೆದೇ ಇರುವ ವಾಲ್ವ್‌ಗೆ ಬಡಿಯುತ್ತದೆ. ವಾಲ್ವ್ ಬಾಗುತ್ತದೆ, ಮುರಿದರೆ ಪಿಸ್ಟನ್ ಮತ್ತು ಸಿಲಿಂಡರ್ ಹೆಡ್ ಎರಡೂ ಹಾಳು.

ಇನ್ನೊಂದು ಅಪಾಯವೂ ಇದೆ. ಕ್ಯಾಮ್ ಎತ್ತುವ ಎತ್ತರ ಹೆಚ್ಚಾದಾಗ ಹಳೆಯ ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿ, ಮುಂದೆ ಕುಗ್ಗಲು ಜಾಗವೇ ಇಲ್ಲದಂತಾಗಬಹುದು.

ಹಾಗಾದರೆ ಅತಿ ಗಟ್ಟಿ ಸ್ಪ್ರಿಂಗ್ ಹಾಕಿದರೆ ಸರಿಯೇ?

ಅದೂ ತಪ್ಪು. ಅಗತ್ಯಕ್ಕಿಂತ ಗಟ್ಟಿಯಾದರೆ ಘರ್ಷಣೆ ಹೆಚ್ಚಿ ಕ್ಯಾಮ್ ಮತ್ತು ರಾಕರ್ ಬೇಗ ಸವೆಯುತ್ತವೆ. ಕೆಲವು ಸಣ್ಣ ಪ್ರಮಾಣದ ಕ್ಯಾಮ್‌ಗಳನ್ನು ಮೂಲ ಸ್ಪ್ರಿಂಗ್‌ಗೇ ಹೊಂದುವಂತೆ ಮಾಡಿರುತ್ತಾರೆ. ಆದ್ದರಿಂದ ಕ್ಯಾಮ್ ತಯಾರಕರು ಯಾವ ಸ್ಪ್ರಿಂಗ್ ಹೇಳಿದ್ದಾರೋ ಅದನ್ನೇ ಹಾಕಬೇಕು.

ಕೈಹಾಕುವ ಮುನ್ನ ಇಷ್ಟು ನೋಡಿ:

• ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ ಅಳೆಯಿಸಿ.
• ಟೈಮಿಂಗ್ ಗುರುತುಗಳನ್ನು ಹೊಂದಿಸಿ, ಸ್ಟಾರ್ಟ್ ಮಾಡುವ ಮೊದಲು ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಿ. ಎಲ್ಲಾದರೂ ತಡೆದರೆ ಬಲ ಹಾಕದೆ ಅಲ್ಲೇ ನಿಲ್ಲಿಸಿ.
• ವಾಲ್ವ್ ಕ್ಲಿಯರೆನ್ಸ್ ಹೊಸದಾಗಿ ಹೊಂದಿಸಿ.
• ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಬೇಕು. ಕಾರ್ಬುರೇಟರ್ ಜೆಟ್ ಅಥವಾ ಇಸಿಯು ಟ್ಯೂನಿಂಗ್ ಮಾಡಿಸದಿದ್ದರೆ ಎಂಜಿನ್ ಅತಿಯಾಗಿ ಬಿಸಿಯಾಗಬಹುದು.

ಒಟ್ಟಿನಲ್ಲಿ: ಕ್ಯಾಮ್ ಬದಲಿಸಿದರೆ ಪವರ್ ಹೆಚ್ಚುವುದು ನಿಜ. ಅದೊಂದೇ ಸಾಕು ಎನ್ನುವುದು ಸುಳ್ಳು. ನಾಲ್ಕು ಸ್ಟ್ರೋಕ್ ಬೈಕ್‌ಗಳಿಗೂ ಇದೇ ಲೆಕ್ಕ. ಮುಂದಿನ ಸಲ ಅಂಥ ವಿಡಿಯೊ ಬಂದರೆ, ಅದರಲ್ಲಿ ಸ್ಪ್ರಿಂಗ್ ಬಗ್ಗೆ ಏನು ಹೇಳಿದ್ದಾರೆ ಎಂದು ನೋಡಿ, ಆಮೇಲೆ ಫಾರ್ವರ್ಡ್ ಮಾಡಿ.