ಹಾಸಿಗೆ ಇದ್ದಷ್ಟು ಕಾಲು

ಬೆಟ್ಟದ ಸೀಮೆಗಳನ್ನು ನೋಡಹೋಗುವವರಿಗೆ ಈಗ ವಿದ್ಯುತ್ ಬೈಕುಗಳು ದಿನದ ಬಾಡಿಗೆಗೆ ದೊರೆಯುವುವಷ್ಟೆ. ಅವು ಸಂಸಾರಸ್ಥರಿಗೆ ತಕ್ಕವೇ, ವಯಸ್ಸಾದವರನ್ನು ಹಿಂದೆ ಕೂರಿಸಿಕೊಂಡು ಹೋಗಬಹುದೇ ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಿರುವರು. ಕುಳಿತಲ್ಲಿಯೇ ಉತ್ತರ ಬರೆಯುವುದಕ್ಕಿಂತ ಹೋಗಿಬಂದು ಬರೆಯುವುದು ಮೇಲೆಂದು ತೋರಿದುದರಿಂದ, ಕಳೆದ ಮಾರ್ಗಶಿರದಲ್ಲಿ ನಾವು, ನಮ್ಮ ಅಕ್ಕ, ಅವರ ಮಗ, ಹೀಗೆ ಮೂವರು ತರೀಕೆರೆಯ ಕಡೆಗೆ ಹೊರಟೆವು. ಅಲ್ಲಿ ಆದುದನ್ನು, ನಮ್ಮ ತಪ್ಪನ್ನೂ ಸೇರಿಸಿ, ಇದ್ದುದಿದ್ದಂತೆ ಹೇಳುವೆವು.

ಅಮೃತಾಪುರದ ದೇವಾಲಯವನ್ನು ನೋಡಬೇಕೆಂಬ ಆಸೆ ಅಕ್ಕನಿಗೆ ಮದುವೆಯಾದ ಹೊಸತರಿಂದಲೂ ಇದ್ದಿತು. ಮೊದಲು ಮಕ್ಕಳು ಚಿಕ್ಕವರಾಗಿದ್ದರು. ಬಳಿಕ ಹಣ ಸಾಲದಾಯಿತು. ಹಣ ಬಂದಾಗ ಮಂಡಿ ಸಾಲದಾಯಿತು. ಈಚಿನ ಐದು ವರ್ಷಗಳಿಂದ ಬೀದಿಯ ಕೊನೆಯ ಗುಡಿಯೇ ಅವರ ದೂರದ ಯಾತ್ರೆ. “ನನ್ನನ್ನು ಕರೆದುಕೊಂಡು ಹೋದರೆ ನಿಮಗೆ ತೊಂದರೆ” ಎಂಬ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಆ ಮಾತು ಸುಳ್ಳೆಂದು ತೋರಿಸಬೇಕೆಂಬುದೇ ಮಗನ ಹಠ.

ತರೀಕೆರೆ ಎಂದೊಡನೆ ಕನ್ನಡ ಮಕ್ಕಳಿಗೆ ನೆನಪಾಗುವುದು ಕೆರೆಯ ಏರಿ ಮತ್ತು ಅದರ ಮೇಲಿನ ಮೂರು ಕರಿಯ ಕುರಿಮರಿಗಳು. ನಾಲಗೆಯನ್ನು ತೊಡಕಿಸುವ ಆ ಮಾತನ್ನು ಹೇಳುತ್ತ ನಗದೆ ಬೆಳೆದವರಾರು? ಬೆಳಗ್ಗೆ ಏರಿಯ ಮೇಲೆ ಗಾಡಿ ನಿಲ್ಲಿಸಿ ನೋಡಿದರೆ ಕುರಿಮರಿಗಳಿರಲಿಲ್ಲ. ಪಡುವಣಕ್ಕೆ ಮಂಜು ಹೊದ್ದ ಬೆಟ್ಟಗಳ ಸಾಲಿದ್ದಿತು. ೧೯೪೭ರವರೆಗೆ ಕಡೂರು ಜಿಲ್ಲೆಯೆಂದು ಕರೆಯುತ್ತಿದ್ದ ಈ ಸೀಮೆಯಲ್ಲಿ ಬಯಲೂ ಮಲೆನಾಡೂ ಕೈಹಿಡಿದು ನಿಂತಿರುವುದು ಇಲ್ಲಿಯೇ. ಪಾಳೆಯಗಾರರ ಊರು ಇದು. ೧೮೩೦-೩೧ರ ನಗರದ ದಂಗೆಯಲ್ಲಿ ತರೀಕೆರೆಯ ಪಾಳೆಯಗಾರರೂ ಸೇರಿದರು. ಆ ದಂಗೆಯನ್ನೇ ಕಾರಣವಾಗಿ ಹೇಳಿ ಕಂಪೆನಿಯವರು ೧೮೩೧ರಲ್ಲಿ ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅದು ಅರಸರಿಗೆ ಹಿಂದಿರುಗಿದುದು ೧೮೮೧ರಲ್ಲಿ. ಇಷ್ಟು ಚಿಕ್ಕ ಊರಿನ ಕೋಪಕ್ಕೆ ಇಡೀ ಸಂಸ್ಥಾನದ ಐವತ್ತು ವರ್ಷ ತಗುಲಿಕೊಂಡುದನ್ನು ಕೇಳಿ ಅಕ್ಕ ಬೆರಗಾದರು.

ಗಾಡಿಗಳ ವಿಷಯವನ್ನು ಹೇಳಬೇಕು. ಪರಿಚಿತರೊಬ್ಬರ ಮೂಲಕ ಎರಡು ಗಾಡಿಗಳನ್ನು ಬಾಡಿಗೆಗೆ ಪಡೆದಿದ್ದೆವು. ಒಂದರಲ್ಲಿ ತಾಯಿಮಗ, ಇನ್ನೊಂದರಲ್ಲಿ ನಾವೊಬ್ಬರೇ. ಸದ್ದಿಲ್ಲ, ಹೊಗೆಯಿಲ್ಲ, ಹಿಂದೆ ಕುಳಿತವರ ಸೊಂಟಕ್ಕೆ ನಡುಕವಿಲ್ಲ. ಓಣಿಗಳಲ್ಲಿ ಸುಳಿದಾಡುವಾಗ ಜಗಲಿಯ ಮೇಲಿನ ಮಾತು ಕೂಡ ಕಿವಿಗೆ ಬೀಳುತ್ತಿದ್ದಿತು. ಬ್ಯಾಟರಿಯಲ್ಲಿ ತುಂಬುವ ವಿದ್ಯುತ್ತು ಸುಮಾರು ಎರಡು ಯೂನಿಟ್ಟು. ಒಂದು ಯೂನಿಟ್ಟೆಂದರೆ ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯು ಒಂದು ಗಂಟೆಯ ಕಾಲ ಕಾಯುವುದಕ್ಕೆ ಬೇಕಾಗುವಷ್ಟು. ಸಮವಾದ ದಾರಿಯಲ್ಲಿ ಅದರಿಂದ ಮೂವತ್ತು ಮೂವತ್ತೈದು ಕಿಲೋಮೀಟರು ಹೋಗಬಹುದು. ಮನೆಯ ದರದಲ್ಲಿ ಅದರ ಖರ್ಚು ಹತ್ತು ರೂಪಾಯಿಗೂ ಕಡಿಮೆ. “ತುಂಬಿಸಿದರೆ ಎಪ್ಪತ್ತು ಕಿಲೋಮೀಟರು ನಿಶ್ಚಯ” ಎಂದು ಗಾಡಿ ಕೊಟ್ಟವರು ಹೇಳಿದರು. ಯಾವ ದಾರಿಯಲ್ಲಿ, ಎಷ್ಟು ಜನ ಕುಳಿತರೆ ಎಂದು ನಾವು ಕೇಳಲಿಲ್ಲ. ಕೇಳಬೇಕಾಗಿದ್ದಿತು.

ಅಮೃತಾಪುರವು ತರೀಕೆರೆಯಿಂದ ಹತ್ತು ಕಿಲೋಮೀಟರಿನಷ್ಟು ದೂರ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ೧೧೯೬ರಲ್ಲಿ, ಅವನ ದಂಡನಾಯಕನಾದ ಅಮೃತೇಶ್ವರನು ಕಟ್ಟಿಸಿದ ದೇವಾಲಯವಿದು. ಬೇಲೂರು ಹಳೆಯಬೀಡುಗಳ ಜನಸಂದಣಿ ಇಲ್ಲಿಲ್ಲ. ಮುಂದಿನ ತೆರೆದ ಮಂಟಪದಲ್ಲಿ ಕಡೆದ ಕಂಬಗಳು ಸಾಲಾಗಿ ನಿಂತು ಕನ್ನಡಿಯಂತೆ ಹೊಳೆಯುವುವು. ಮುಂದೆ ಹೊಯ್ಸಳ ನಾಡಿನಲ್ಲಿ ಬಹು ಪ್ರಸಿದ್ಧನಾದ ಮಲ್ಲಿತಮ್ಮನೆಂಬ ಶಿಲ್ಪಿಯು ತನ್ನ ಕೆಲಸವನ್ನು ತೊಡಗಿದುದು ಇಲ್ಲಿನ ಒಳಮಾಳಿಗೆಯ ಕೆತ್ತನೆಯಲ್ಲಿ ಎಂದು ತಿಳಿದವರು ಹೇಳುವರು. ಬಾಗಿಲ ಬಳಿಯ ದೊಡ್ಡ ಶಾಸನದ ಪದ್ಯಗಳು ‘ಯಶೋಧರಚರಿತೆ’ಯನ್ನು ಬರೆದ ಕವಿಚಕ್ರವರ್ತಿ ಜನ್ನನವು. ಒಬ್ಬ ಶಿಲ್ಪಿಯ ಆರಂಭ, ಒಬ್ಬ ಮಹಾಕವಿಯ ಪದ್ಯ, ಎರಡೂ ಒಂದೇ ಅಂಗಳದಲ್ಲಿ ದೊರೆಯುವುದು ಸಾಮಾನ್ಯವಲ್ಲ.

ಮಂಟಪದ ಹೊರಗೋಡೆಯ ಮೇಲೆ ಪುರಾಣಕಥೆಗಳ ಪಟ್ಟಿಕೆಗಳಿವೆ: ದಕ್ಷಿಣಕ್ಕೆ ರಾಮಾಯಣದ ೭೦, ಉತ್ತರಕ್ಕೆ ಕೃಷ್ಣಚರಿತೆಯ ೨೫ ಮತ್ತು ಭಾರತದ ೪೫. ಅಕ್ಕನು ಮಗನ ತೋಳನ್ನು ಹಿಡಿದು ಪ್ರದಕ್ಷಿಣವಾಗಿ ಹೊರಟವರು ಸ್ವಲ್ಪ ದೂರದಲ್ಲಿಯೇ ನಿಂತು, “ಇದೇನು, ಕಥೆ ಹಿಂದುಮುಂದಾಗಿದೆ!” ಎಂದರು. ಅವರು ಹೇಳಿದುದು ನಿಜ. ಉತ್ತರದ ಕಥೆಗಳು ಪ್ರದಕ್ಷಿಣಕ್ರಮದಲ್ಲಿಯೇ ಸಾಗಿದರೂ, ದಕ್ಷಿಣದ ರಾಮಾಯಣವು ಅದಕ್ಕೆ ಎದುರಾಗಿ ನಡೆಯುವುದು. ಹೊಯ್ಸಳರ ಗುಡಿಗಳಲ್ಲಿ ಇದು ಅಪೂರ್ವ. ರಾಮನೊಡನೆ ಹೋಗಬೇಕಾದರೆ ಆ ಕೊನೆಗೆ ನಡೆದು ಅಲ್ಲಿಂದ ತಿರುಗಿ ಬರಬೇಕು. ನೋಯುವ ಮಂಡಿಯವರು ಒಂದು ಗೋಡೆಗೆ ಎರಡು ಸಲ ನಡೆದರು. ಐದೈದು ಪಟ್ಟಿಕೆಗೆ ಒಮ್ಮೆ ನಿಂತು, ಎರಡು ಗಂಟೆಯ ಹೊತ್ತಿನಲ್ಲಿ ಅಷ್ಟನ್ನೂ ನೋಡಿ ಮುಗಿಸಿದರು. ಆಮೇಲೆ ಕಂಬಕ್ಕೆ ಒರಗಿ ಕುಳಿತು, “ಇನ್ನು ಎಲ್ಲಿಗೂ ಹೋಗದಿದ್ದರೂ ಚಿಂತೆಯಿಲ್ಲ” ಎಂದರು. ಆ ಮಾತನ್ನು ನಾವು ಅಲ್ಲಿಯೇ ಕೇಳಬೇಕಾಗಿದ್ದಿತು.

ಮಧ್ಯಾಹ್ನ ತರೀಕೆರೆಯಲ್ಲಿ ಊಟವಾಯಿತು. ಗಾಡಿಯ ಫಲಕವು ಇನ್ನೂ ೪೪ ಕಿಲೋಮೀಟರು ಹೋಗಬಹುದೆಂದು ತೋರಿಸುತ್ತಿದ್ದಿತು. ಕೆಮ್ಮಣ್ಣುಗುಂಡಿಗೆ ಮೂವತ್ತಕ್ಕೆ ಕೆಲವು ಹೆಚ್ಚು. ಅಳಿಯನು, “ಧಾರಾಳವಾಗಿ ಸಾಕು, ಮೇಲೆ ಹೋಗಿ ತುಂಬಿಸಿಕೊಳ್ಳೋಣ” ಎಂದನು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯನ್ನು ಕಳೆಯುತ್ತಿದ್ದ ಆ ಗಿರಿಧಾಮವನ್ನು ಸಂಜೆಯ ಬೆಳಕಿನಲ್ಲಿ ನೋಡುವ ಆಸೆ ನಮಗೂ ಇದ್ದಿತು. ಅಕ್ಕನು ಏನೂ ಹೇಳಲಿಲ್ಲ. ತೊಂದರೆ ಕೊಡಬಾರದೆಂದು ಸುಮ್ಮನಿದ್ದವರ ಮೌನವನ್ನು ನಾವು ಒಪ್ಪಿಗೆಯೆಂದು ತಿಳಿದೆವು.

ಲಿಂಗದಹಳ್ಳಿಯವರೆಗೆ ಎಲ್ಲವೂ ಸರಿಯಾಗಿದ್ದಿತು. ಬಳಿಕ ದಾರಿ ಏರತೊಡಗಿತು; ಫಲಕದ ಅಂಕೆಯು ಗಾಡಿಗಿಂತ ವೇಗವಾಗಿ ಓಡತೊಡಗಿತು. ಒಂದು ಕಿಲೋಮೀಟರು ಹೋದರೆ ಎರಡು, ಒಮ್ಮೊಮ್ಮೆ ಮೂರು ಇಳಿಯುವುದು. ಕಲ್ಲತ್ತಿಗಿರಿಯಲ್ಲಿ ಇಳಿದು, ವೀರಭದ್ರನ ಗುಡಿಯ ಮುಂದೆ ಬೀಳುವ ನೀರನ್ನು ನೋಡಿದೆವು. ಹೊರಡುವಾಗ ತಾಯಿಮಗನ ಗಾಡಿಯಲ್ಲಿ ೬ ಎಂದಿದ್ದಿತು. ಬೆಟ್ಟದ ನೆತ್ತಿಗೆ ಇನ್ನೂ ಹತ್ತರಷ್ಟಿದ್ದಿತು. ಅಲ್ಲಿಂದಲಾದರೂ ಹಿಂದಿರುಗಬಹುದಾಗಿದ್ದಿತು. “ನೋಡೋಣ” ಎಂದು ಹೊರಟೆವು. ಎರಡು ಕಿಲೋಮೀಟರು ಹೋಗುವುದರೊಳಗೆ ಒಂದು ತಿರುವಿನಲ್ಲಿ ಆ ಗಾಡಿಯು ನಿಂತೇಹೋಯಿತು.

ಆಗ ಗಂಟೆ ಐದು. ಎರಡು ಕಡೆಗೂ ಕಾಡು. ಅಳಿಯನು ಇಳಿದು ತಳ್ಳಿದನು. ಹತ್ತು ಮಾರು ಹೋಗುವಷ್ಟರಲ್ಲಿ ಬೆವತುಹೋದನು. ಅಕ್ಕನು ರಸ್ತೆಯ ಅಂಚಿನ ಕಲ್ಲನ್ನು ಹುಡುಕಿ ಕುಳಿತರು. ಏರಿನಲ್ಲಿ ಅವರು ನಡೆಯಲಾರರು. ಇಳಿಜಾರಿನಲ್ಲಂತೂ ಅವರ ಮಂಡಿಗೆ ಇನ್ನೂ ಕಷ್ಟ. “ನಾನು ಬರಬಾರದಾಗಿದ್ದಿತು” ಎಂದರು. ಯಾವ ಮಾತನ್ನು ಸುಳ್ಳೆಂದು ತೋರಿಸುವುದಕ್ಕೆ ಹೊರಟಿದ್ದೆವೋ ಅದೇ ಮಾತನ್ನು ಅವರ ಬಾಯಿಂದ ಹೇಳಿಸಿದೆವು. ಆ ಹೊತ್ತಿನಲ್ಲಿ ಅಳಿಯನ ಮುಖವನ್ನಾಗಲಿ ಅವನು ನಮ್ಮ ಮುಖವನ್ನಾಗಲಿ ನೋಡಲಿಲ್ಲ.

ಬೆಟ್ಟವೇ ಕೊನೆಗೆ ದಾರಿ ತೋರಿಸಿತು. ಏರುವುದಕ್ಕೆ ಶಕ್ತಿ ಬೇಕು. ಇಳಿಯುವುದಕ್ಕೆ ಭಾರವೇ ಸಾಕು. ಒಬ್ಬರನ್ನೇ ಹೊತ್ತಿದ್ದ ನಮ್ಮ ಗಾಡಿಯಲ್ಲಿ ಇನ್ನೂ ಸ್ವಲ್ಪ ವಿದ್ಯುತ್ತು ಉಳಿದಿದ್ದಿತು. ಅಕ್ಕನನ್ನು ಅದರಲ್ಲಿ ಕೂರಿಸಿಕೊಂಡೆವು. ಅಳಿಯನು ತನ್ನ ಗಾಡಿಯನ್ನು ಹಿಡಿತದಲ್ಲಿಟ್ಟುಕೊಂಡು ಇಳಿಜಾರಿನಲ್ಲಿ ಉರುಳಿಸಿಕೊಂಡು ಬಂದನು. ಇಂತಹ ಕೆಲವು ಗಾಡಿಗಳಲ್ಲಿ ಇಳಿಯುವಾಗ ಮೋಟಾರೇ ತಿರುಗಿ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ಸೇರಿಸುವುದು. ಬೆಟ್ಟವು ಕಸಿದುಕೊಂಡುದರಲ್ಲಿ ಚಿಟಿಕೆಯಷ್ಟನ್ನು ಹಿಂದಕ್ಕೆ ಕೊಟ್ಟಿತು. ಆ ಚಿಟಿಕೆಯಿಂದಲೇ ಬುಡದ ಅಡಕೆತೋಟದ ಮನೆಯೊಂದನ್ನು ಸೇರಿದೆವು.

ಮನೆಯವರು ಏನೆಂದು ಕೇಳುವ ಮೊದಲೇ ಅಕ್ಕನಿಗೆ ಚಾಪೆ ಹಾಸಿದರು. ಗಾಡಿಗೆ ವಿದ್ಯುತ್ತು ಬೇಕೆಂದುದಕ್ಕೆ ಅಲ್ಲಿನ ಅಜ್ಜಿಯು ನಕ್ಕು, ಹಿಂದೆ ಬೆಟ್ಟ ಹತ್ತುವ ಗಾಡಿಗಳವರು ಬುಡದಲ್ಲಿ ನಿಲ್ಲದೆ ಹೋಗುತ್ತಲೇ ಇರಲಿಲ್ಲವೆಂದು ಹೇಳಿದರು. ಎತ್ತುಗಳಿಗೆ ಹುಲ್ಲು ನೀರು ತೋರಿಸಿ, ಬೇಕಾದರೆ ಇನ್ನೊಂದು ಜೋಡಿ ಕಟ್ಟಿ, ಹೆಂಗಸರು ಮಕ್ಕಳು ಎಷ್ಟು ಮಂದಿಯೆಂದು ಎಣಿಸಿ ಆಮೇಲೆ ಏರು ಹಿಡಿಯುತ್ತಿದ್ದರಂತೆ. “ನಿಮ್ಮದೂ ಎತ್ತೇ ಅಲ್ಲವೆ? ಹಸಿದ ಎತ್ತನ್ನು ಹೊಡೆದರೆ ಬೆಟ್ಟ ಹತ್ತೀತೆ?” ಎಂದರು. ನಮಗೆ ಉತ್ತರ ತೋಚಲಿಲ್ಲ. ನಡುವೆ ಅರ್ಧ ಗಂಟೆ ಕರೆಂಟು ಹೋಯಿತು. ಅಷ್ಟರಲ್ಲಿ ಅಕ್ಕನೂ ಅಜ್ಜಿಯೂ ಮಂಡಿನೋವಿನ ಎಣ್ಣೆಗಳ ವಿಚಾರವನ್ನು ಮುಗಿಸಿದರು. ಎರಡು ಗಂಟೆಯಲ್ಲಿ ಊರು ಸೇರುವಷ್ಟು ಆಯಿತು. ವಿದ್ಯುತ್ತಿಗೆ ಹಣ ಕೊಡಹೋದರೆ ಅವರು ಮುಟ್ಟಲಿಲ್ಲ. ತರೀಕೆರೆಯನ್ನು ಸೇರಿದಾಗ ರಾತ್ರಿ ಒಂಬತ್ತು.

ಆ ರಾತ್ರಿ ಅಳಿಯನು ಕಾಗದ ತೆಗೆದು ಲೆಕ್ಕ ಮಾಡಿದನು. ತರೀಕೆರೆಯು ಸಮುದ್ರಮಟ್ಟದಿಂದ ಸುಮಾರು ೭೦೦ ಮೀಟರು, ಕೆಮ್ಮಣ್ಣುಗುಂಡಿಯು ೧,೪೩೪ ಮೀಟರು. ಗಾಡಿಯೂ ಇಬ್ಬರೂ ಸೇರಿ ೨೪೦ ಕಿಲೋಗ್ರಾಮು. ಆ ಭಾರವನ್ನು ಅಷ್ಟು ಮೇಲಕ್ಕೆ ಎತ್ತುವುದಕ್ಕೇ ಅರ್ಧ ಯೂನಿಟ್ಟು ಬೇಕು. ಯಂತ್ರದಲ್ಲಿ ನಷ್ಟವಾಗುವುದು ಬೇರೆ, ದಾರಿಯ ಖರ್ಚು ಬೇರೆ. ಅಂದರೆ ಅಮೃತಾಪುರಕ್ಕೆ ಹೋಗಿಬಂದ ಗಾಡಿಯು ನಡುವೆ ತುಂಬಿಸದೆ ಬೆಟ್ಟವನ್ನು ಹತ್ತುವ ಹಾಗೆಯೇ ಇರಲಿಲ್ಲ. ಫಲಕವು ಸುಳ್ಳು ಹೇಳಿರಲಿಲ್ಲ. ಮುಂದೆ ಬೆಟ್ಟವಿದೆಯೆಂದು ಅದಕ್ಕೆ ತಿಳಿದಿರಲಿಲ್ಲ, ನಮಗೆ ತಿಳಿದಿದ್ದಿತು.

ಮರುದಿನ ಗಾಡಿಗಳನ್ನು ಪೂರ್ಣವಾಗಿ ತುಂಬಿಸಿ ಬಯಲುದಾರಿಯಲ್ಲಿ ಅಜ್ಜಂಪುರಕ್ಕೆ ಹೋದೆವು. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಿನ ಕೇಂದ್ರವಾಗಿರುವ ಈ ಊರು ಅಮೃತಮಹಲ್ ದನಗಳ ತಳಿ ಸಂವರ್ಧನ ಕೇಂದ್ರಕ್ಕೆ ಪ್ರಸಿದ್ಧ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆಯಿತು. ಹೈದರನ ದಂಡಿನ ಸಾಮಾನನ್ನು ಎಳೆದುವು ಈ ಎತ್ತುಗಳೇ. ಚಿದಂಬರದ ನೆರವಿಗಾಗಿ ಅವನು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದುದು ಇವುಗಳ ಬಲದಿಂದ ಎಂದು ಬರೆದಿರುವರು. ಬೂದು ಮೈ, ಕಿರಿದಾದ ಮುಖ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪಾದ ಕೊಂಬುಗಳು. ನಿಂತಲ್ಲಿಯೇ ಓಡುವಂತೆ ಕಾಣುವುವು. ಇಂತಹ ದನಗಳಿಗೂ ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ, ಬೇಸಿಗೆಗೆ ಬೇರೆ ಕಾವಲುಗಳನ್ನು ಗೊತ್ತುಮಾಡಿದ್ದರು. ಮೇವನ್ನು ಮೊದಲು ನೋಡಿ ಆಮೇಲೆ ನಡಿಗೆಯನ್ನು ಯೋಚಿಸುತ್ತಿದ್ದರು. ಬೇಲಿಯ ಬಳಿ ಮಂದೆಯನ್ನು ಅಟ್ಟಿಕೊಂಡು ಬಂದವನೊಬ್ಬನು ಹಿಂದುಳಿದ ಕರುವಿಗಾಗಿ ಎಲ್ಲವನ್ನೂ ನಿಲ್ಲಿಸಿದನು. ಅಕ್ಕನು ಅದನ್ನು ನೋಡಿ ಮಗನ ಕಡೆಗೆ ತಿರುಗಿ ನಕ್ಕರು. ಹಿಂದಿನ ಸಂಜೆಯ ಮಾತು ಅಲ್ಲಿಗೆ ತೀರಿತು.

ಈಗ ವಾಚಕರ ಪ್ರಶ್ನೆಗೆ ಉತ್ತರ. ಈ ಗಾಡಿಗಳು ಸಂಸಾರಸ್ಥರಿಗೆ ತಕ್ಕವೇ. ವಯಸ್ಸಾದವರಿಗೆ ವಿಶೇಷವಾಗಿ ಹಿತವಾದುವು. ಆದರೆ ಹೇಳಿದ ದೂರದಲ್ಲಿ ಮೂರನೆಯ ಒಂದು ಭಾಗವನ್ನು ಕಳೆದು ಉಳಿದುದನ್ನು ಮಾತ್ರ ನಂಬತಕ್ಕದ್ದು. ಬೆಟ್ಟವಿದ್ದರೆ ಅರ್ಧವನ್ನು ಕಳೆಯತಕ್ಕದ್ದು. ಏರಿನ ಬುಡದಲ್ಲಿ ತುಂಬಿಸಿಕೊಂಡೇ ಹೊರಡಬೇಕು. ಹತ್ತಿ ಬಿಸಿಯಾದ ಬ್ಯಾಟರಿಗೆ ಅರ್ಧ ಗಂಟೆಯಾದರೂ ಆರುವುದಕ್ಕೆ ಬಿಟ್ಟು ಆಮೇಲೆ ತಂತಿ ಸೇರಿಸಬೇಕು. ಗಾಡಿಯೊಡನೆ ಕೊಟ್ಟ ಸಲಕರಣೆಯಿಂದಲೇ ತುಂಬಿಸಬೇಕು. ಮಲಗುವ ಕೋಣೆಯಲ್ಲಾಗಲಿ ಬಾಗಿಲ ದಾರಿಯಲ್ಲಾಗಲಿ ರಾತ್ರಿ ತುಂಬಲಿಟ್ಟು ನಿದ್ರೆಹೋಗಬಾರದು. ೨೫೦ ವಾಟಿಗೂ ಗಂಟೆಗೆ ೨೫ ಕಿಲೋಮೀಟರಿಗೂ ಮೀರದ ಸಣ್ಣ ಗಾಡಿಗಳಿಗೆ ಪರವಾನಗಿ ಬೇಡ. ಇಬ್ಬರನ್ನು ಹೊತ್ತು ಬೆಟ್ಟ ಹತ್ತುವಂತಹ ಗಾಡಿಗಳಿಗೆ ಪರವಾನಗಿಯೂ ನೋಂದಣಿಯೂ, ಕುಳಿತ ಇಬ್ಬರಿಗೂ ಶಿರಸ್ತ್ರಾಣವೂ ಅವಶ್ಯ.

ಎಲ್ಲಕ್ಕೂ ಮೇಲಾದ ಮಾತೊಂದುಂಟು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿರುವರು. ಮನೆಮಂದಿಯೆಲ್ಲ ಕೂಡಿ ಹೊರಟಾಗ ಯಾರ ಕಾಲನ್ನು ಅಳತೆಗೆ ಹಿಡಿಯಬೇಕೆಂಬುದನ್ನು ನಾವು ತರೀಕೆರೆಯಲ್ಲಿ ಕಲಿತೆವು. ಬಲವುಳ್ಳವನ ಉತ್ಸಾಹವು ಅಳತೆಯಲ್ಲ. ಎಲ್ಲರಿಗಿಂತ ಮೆಲ್ಲನೆ ನಡೆಯುವವರು ಎಲ್ಲಿ “ಸಾಕು” ಎನ್ನುವರೋ ಅದೇ ಅಳತೆ. ಅವರು ಬಾಯಿಬಿಟ್ಟು ಹೇಳದಿದ್ದರೆ ನಾವೇ ಕೇಳಿ ತಿಳಿಯತಕ್ಕದ್ದು.

ಕೆಮ್ಮಣ್ಣುಗುಂಡಿಯು ಎಲ್ಲಿಗೂ ಹೋಗದು. ಬರುವ ಮಾಘದಲ್ಲಿ ಮತ್ತೆ ಹೊರಡುವ ಯೋಚನೆಯಿದೆ. ಮೊದಲ ದಿನ ಬುಡದಲ್ಲಿಯೇ ತಂಗುವುದೆಂದು ಈ ಸಲ ಗೊತ್ತುಮಾಡಿದವರು ಅಕ್ಕನೇ. ಆ ಅಜ್ಜಿಗೆಂದು ಒಂದು ಸೀಸೆ ಎಣ್ಣೆಯನ್ನೂ ಈಗಾಗಲೇ ಕಾಯಿಸಿಟ್ಟಿರುವರು.