ಡೀಸೆಲ್‌ಗೂ ಬೇಕಂತೆ ಫ್ಯಾನು

ಏಪ್ರಿಲ್ ತಿಂಗಳ ಮಧ್ಯಾಹ್ನ. ಶಿರಾಡಿ ಘಾಟಿಯ ಏರಿನಲ್ಲಿ ಲೋಡ್ ತುಂಬಿದ ಲಾರಿಯೊಂದು ಇದ್ದಕ್ಕಿದ್ದಂತೆ ಸೋತು ತೆವಳತೊಡಗುತ್ತದೆ. ಹಿಂದಿರುವ ನಾವೆಲ್ಲ ಹಾರನ್ ಬಾರಿಸುತ್ತೇವೆ. ಹಾರನ್‌ನಿಂದ ಮುಂದಿನ ಗಾಡಿಗೆ ಪಿಕಪ್ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ.

ಪರಿಚಯದ ಲಾರಿ ಮಾಲೀಕರೊಬ್ಬರಿಗೆ ಕಳೆದ ಬೇಸಿಗೆಯಲ್ಲಿ ಇದು ಮೂರು ಸಲ ಆಯಿತು. ಬೆಳಗ್ಗೆ ಕುದುರೆಯಂತೆ ಓಡುವ ಗಾಡಿ ಮಧ್ಯಾಹ್ನ ಏರು ಬಂದರೆ ಮಲಗುತ್ತದೆ, ಸಂಜೆ ತಾನಾಗಿ ಸರಿಹೋಗುತ್ತದೆ. ಸರ್ವೀಸ್ ಸೆಂಟರಿಗೆ ಒಯ್ದರೆ ಲ್ಯಾಪ್‌ಟಾಪ್ ಚುಚ್ಚಿ ನೋಡಿ, ‘ಈಗೇನೂ ತೋರಿಸ್ತಿಲ್ಲ ಸಾರ್’ ಎಂದರು. ಫಿಲ್ಟರ್ ಬದಲಿಸಿದರು, ಹಳೆಯ ಎರರ್ ಕೋಡ್‌ಗಳನ್ನು ಅಳಿಸಿದರು. ಬಿಲ್ ಮಾತ್ರ ಅಳಿಸಲಿಲ್ಲ.

ಕೊನೆಗೆ ಕಾಯಿಲೆ ಹಿಡಿದದ್ದು ಹೆದ್ದಾರಿ ಬದಿಯ ಶೆಡ್ಡಿನ ಮೆಕ್ಯಾನಿಕ್. ಆತ ಲ್ಯಾಪ್‌ಟಾಪ್ ತೆರೆಯಲಿಲ್ಲ. ಡೀಸೆಲ್ ಟ್ಯಾಂಕಿನ ಮೇಲೆ ಅಂಗೈ ಇಟ್ಟ, ಇಟ್ಟಷ್ಟೇ ಬೇಗ ತೆಗೆದ. ‘ಡೀಸೆಲ್ ಕಾದುಬಿಟ್ಟಿದೆ ಅಣ್ಣ, ಕೂಲರ್ ಹಾಕಿಸಿ’ ಎಂದ. ಈ ತಪಾಸಣೆಗೆ ಜಿಎಸ್‌ಟಿ ಇರಲಿಲ್ಲ.

ಡೀಸೆಲ್ ಕಾಯುವುದೆಂದರೇನು? ಈಗಿನ ಕಾಮನ್ ರೈಲ್ ಎಂಜಿನ್‌ನಲ್ಲಿ ಪಂಪು ಡೀಸೆಲನ್ನು 1,600 ಬಾರ್, ಕೆಲವದರಲ್ಲಿ 2,000 ಬಾರ್ ದಾಟುವ ಒತ್ತಡದಲ್ಲಿ ‘ರೈಲ್’ ಎಂಬ ಕೊಳವೆಗೆ ನೂಕುತ್ತದೆ. ಲಾರಿ ಟಯರಿನ ಗಾಳಿಯ ಒತ್ತಡ 8 ಬಾರ್ ಆಸುಪಾಸು ಎಂದರೆ ಅಂದಾಜು ಸಿಗಬಹುದು. ಅಷ್ಟು ಒತ್ತಿದ ಡೀಸೆಲ್ ಅಷ್ಟೂ ಉರಿಯುವುದಿಲ್ಲ. ಉಳಿದದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ. ಒತ್ತಡವೆಲ್ಲ ಇಳಿಯುವ ಹೊತ್ತಿಗೆ ಅದು ಬಿಸಿಯಾಗಿರುತ್ತದೆ, ಎಂಜಿನ್‌ನ ಶಾಖವೂ ಜತೆಗೂಡಿರುತ್ತದೆ. ಮತ್ತೆ ಪಂಪು, ಮತ್ತೆ ಟ್ಯಾಂಕು. ನಮ್ಮ ಅರ್ಜಿಗಳು ಮೇಜಿಂದ ಮೇಜಿಗೆ ಸುತ್ತುವಂತೆಯೇ, ಆದರೆ ಅರ್ಜಿ ಬಿಸಿಯಾಗುವುದಿಲ್ಲ, ಹಾಕಿದವರು ಆಗುತ್ತಾರೆ.

ಟ್ಯಾಂಕ್ ತುಂಬಿದ್ದರೆ ಇದು ದೊಡ್ಡ ವಿಷಯವಲ್ಲ. 300 ಲೀಟರ್ ತಣ್ಣನೆಯ ಡೀಸೆಲ್ ನಡುವೆ ಬಿಸಿ ಕರಗಿಹೋಗುತ್ತದೆ. 40 ಲೀಟರ್ ಇದ್ದರೆ ಬೇಗ ಕಾಯುತ್ತದೆ. ಹಾಗಾದರೆ ತುಂಬಿಸಿಕೊಂಡೇ ಹೋಗಬಹುದಲ್ಲ? ಹೋಗಬಹುದು, ರಾತ್ರಿ ಢಾಬಾ ಮುಂದೆ ನಿಲ್ಲಿಸಿದ ಲಾರಿಯ ಟ್ಯಾಂಕು ಬೆಳಗ್ಗೆಯೂ ತುಂಬಿರುತ್ತದೆ ಎಂಬ ಭರವಸೆ ಇದ್ದರೆ. ಅದಿಲ್ಲದ್ದರಿಂದಲೇ ಅನೇಕ ಮಾಲೀಕರು ಆ ಟ್ರಿಪ್ಪಿಗೆ ಬೇಕಾದಷ್ಟನ್ನೇ ಅಳೆದು ಹಾಕಿಸುತ್ತಾರೆ. ಡೀಸೆಲ್ ಕಾಯುವುದರಲ್ಲಿ ಸೂರ್ಯನ ಪಾಲಿರುವಂತೆ ಕಳ್ಳನ ಪಾಲೂ ಇದೆ, ಇದನ್ನು ಯಾವ ಮ್ಯಾನುಯಲ್ಲೂ ಬರೆದಿಲ್ಲ.

ಕಾದ ಡೀಸೆಲ್ ತೆಳ್ಳಗಾಗುತ್ತದೆ. ಪಂಪಿಗೂ ಇಂಜೆಕ್ಟರಿಗೂ ಬೇರೆ ಆಯಿಲ್ ಇಲ್ಲದ ಎಂಜಿನ್‌ಗಳಲ್ಲಿ ಅವುಗಳ ಸವೆತ ತಡೆಯುವುದು ಇದೇ ಡೀಸೆಲ್. ತೆಳ್ಳಗಾದರೆ ಆ ರಕ್ಷಣೆಯೂ ತೆಳುವಾಗುತ್ತದೆ. ಹಾಗಾಗಬಾರದೆಂದು ಹಲವು ಎಂಜಿನ್‌ಗಳಲ್ಲಿ ಸೆನ್ಸರ್ ಇರುತ್ತದೆ. ಡೀಸೆಲ್ ಮಿತಿಮೀರಿ ಕಾದರೆ ಕಂಪ್ಯೂಟರ್ ತಾನೇ ಎಂಜಿನ್ ಬಲ ಇಳಿಸುತ್ತದೆ. ಘಾಟಿಯಲ್ಲಿ ಆದದ್ದು ಅದು. ಗಾಡಿ ಕೆಟ್ಟಿರಲಿಲ್ಲ, ಕಲಿಸಿದ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿತ್ತು. ಬ್ರೋಷರಿನಲ್ಲಿ ಅಶ್ವಶಕ್ತಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದವರು ‘ಏಪ್ರಿಲ್, ಮೇ ಹೊರತುಪಡಿಸಿ’ ಎಂದು ಸಣ್ಣಕ್ಷರದಲ್ಲಾದರೂ ಹಾಕಬಹುದಿತ್ತು.

ಇನ್ನು ಕೂಲರ್ ಎಂಬುದು ಮಹಾ ವಿದ್ಯೆಯಲ್ಲ. ರಿಟರ್ನ್ ಪೈಪನ್ನು ನಡುವೆ ಕತ್ತರಿಸಿ ಪುಟ್ಟದೊಂದು ಅಲ್ಯೂಮಿನಿಯಂ ರೇಡಿಯೇಟರ್ ಕೂರಿಸುವುದು, ಗಾಳಿ ಸಾಲದಿದ್ದರೆ 24 ವೋಲ್ಟಿನ ಫ್ಯಾನು ಸೇರಿಸುವುದು, ಅಷ್ಟೆ. ಸೈಲೆನ್ಸರಿನಿಂದ ದೂರವಿರಬೇಕು, ಕಲ್ಲು ಸಿಡಿಯುವ ಕಡೆ ಇರಬಾರದು, ಡೀಸೆಲ್ ತಾಳುವ ಹೋಸನ್ನೇ ಹಾಕಬೇಕು, ರಿಟರ್ನ್‌ನಲ್ಲಿ ಅಡ್ಡಿಯಾಗುವಷ್ಟು ಸಣ್ಣ ಕೊಳವೆ ಬಳಸಬಾರದು. ಕೆಲವು ಎಂಜಿನ್‌ಗಳಿಗೆ ಕಾರ್ಖಾನೆಯಲ್ಲೇ ಇದನ್ನು ಕೊಡುತ್ತಾರೆ. ಉಳಿದವರಿಗೆ ಗುಜರಿಯಿಂದ ತಂದ ಹಳೇ ಕಾರಿನ ಎಸಿ ಕಂಡೆನ್ಸರ್ ಇದೆ. ಹಿಂದೆ ಅಂಬಾಸಿಡರಿನ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಊರು ಸೇರಿದವರು ನಾವು, ಆ ಲೆಕ್ಕದಲ್ಲಿ ಇದು ಪ್ರಗತಿಯೇ.

‘ಹಾಕಿಸಿದರೆ ವಾರಂಟಿ?’ ಎಂದು ಮಾಲೀಕರು ಶೋರೂಮಿನಲ್ಲಿ ಕೇಳಿದರು. ಹೋಗುತ್ತದೆ ಎಂದರು. ಹಾಗಿದ್ದರೆ ನೀವೇ ಹಾಕಿಕೊಡಿ ಎಂದರೆ, ಈ ಮಾಡೆಲ್‌ಗೆ ಆ ಪಾರ್ಟ್ ಇಲ್ಲ ಎಂದರು. ಹಾಕದೆ ಓಡಿಸಿ ಇಂಜೆಕ್ಟರ್ ಹೋದರೆ? ಅದು ಡೀಸೆಲ್ ಕ್ವಾಲಿಟಿ ಸಾರ್, ವಾರಂಟಿಗೆ ಬರಲ್ಲ. ಇಷ್ಟು ಬಿಗಿಯಾದ ತರ್ಕವನ್ನು ಆ ಗಾಡಿಯ ಬಾಗಿಲಿಗೆ ಬಳಸಿದ್ದರೆ ಅದು ಗಡಗಡ ಅನ್ನುತ್ತಿರಲಿಲ್ಲ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ಸ್ವರೂಪ ಬದಲಿಸಬಾರದೆನ್ನುತ್ತದೆ. ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆರ್‌ಸಿ ಪುಸ್ತಕದಲ್ಲಿ ಕೂಲರ್‌ಗೆ ಕಾಲಮ್ಮೇ ಇಲ್ಲವಾದ್ದರಿಂದ ಇದು ಮಾರ್ಪಾಡೇ ಎಂದು ಕೇಳಿದರೆ, ಫಿಟ್‌ನೆಸ್ ಸರ್ಟಿಫಿಕೇಟಿಗೆ (ಎಫ್‌ಸಿ) ಹೋದ ದಿನ ಎದುರಿಗಿರುವವರ ಮನಸ್ಸು ಹೇಗಿದೆಯೋ ಹಾಗೆ. ಹಗಲಿನಂತೆ ಕಾಣುವ ನೀಲಿ ಎಲ್ಇಡಿ ಹಾಕಿದ ಗಾಡಿಗಳಂತೂ ಪಾಸಾಗಿ ನಮ್ಮ ಕಣ್ಣಿಗೇ ಬರುತ್ತಿವೆ.

ಹಾಗೆಂದು ಕೂಲರ್ ಮಾರುವವರು ಹೇಳಿದ್ದನ್ನೆಲ್ಲ ನಂಬಬೇಕಿಲ್ಲ. ‘ಮೈಲೇಜ್ ಗ್ಯಾರಂಟಿ ಜಾಸ್ತಿ’ ಎಂಬುದು ಅವರ ಮಂತ್ರ. ಡೀಸೆಲ್ 10 ಡಿಗ್ರಿ ಕಾದರೆ ಸುಮಾರು ಶೇ 0.8ರಷ್ಟು ಹಿಗ್ಗುತ್ತದೆ, ನಿಜ. ಆದರೆ ಟ್ಯಾಂಕಿಗೆ ಬಿದ್ದ ಮೇಲೆ ಹಿಗ್ಗಿದರೂ ಕುಗ್ಗಿದರೂ ಅದರೊಳಗಿನ ಕಸುವು ಅಷ್ಟೇ. ಕೂಲರ್ ಪಂಪನ್ನು ಉಳಿಸಬಹುದು, ಏರಿನಲ್ಲಿ ಮಾನ ಉಳಿಸಬಹುದು. ಡೀಸೆಲ್ ಹುಟ್ಟಿಸುವುದಿಲ್ಲ.

ಆ ಶೇ 0.8 ನಿಜವಾಗಿ ಲೆಕ್ಕಕ್ಕೆ ಬರುವುದು ಬಂಕಿನಲ್ಲಿ. ಅಲ್ಲಿ ಡೀಸೆಲ್‌ನ ಸಾಂದ್ರತೆಯನ್ನು 15 ಡಿಗ್ರಿಗೆ ಪರಿವರ್ತಿಸಿ ಬರೆದಿಡುತ್ತಾರೆ. ಮೀಟರ್ ಮಾತ್ರ ಆ ಹೊತ್ತಿನ ಬಿಸಿಯಲ್ಲಿ ಲೀಟರ್ ಎಣಿಸುತ್ತದೆ. 10 ಡಿಗ್ರಿ ಹೆಚ್ಚು ಬಿಸಿಯಿದ್ದ 300 ಲೀಟರ್ ತುಂಬಿಸಿದರೆ ಎರಡೂವರೆ ಲೀಟರಿನಷ್ಟು ಬರೀ ಹಿಗ್ಗು. ಕಲಬುರಗಿಯ ಮೇ ತಿಂಗಳಲ್ಲಿ 15 ಡಿಗ್ರಿಯ ಡೀಸೆಲ್ ಕಂಡವರಿದ್ದರೆ ಅವರಿಗೆ ಸನ್ಮಾನ ಮಾಡೋಣ.

ಹಿಗ್ಗಿಗೂ ತೆರಿಗೆ ಉಂಟು. 2025ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಡೀಸೆಲ್ ಮಾರಾಟ ತೆರಿಗೆ ಶೇ 18.44ರಿಂದ 21.17ಕ್ಕೆ ಏರಿತು, ಲೀಟರಿಗೆ ಎರಡು ರೂಪಾಯಿ ಹೆಚ್ಚಿತು. ಅದೇ ತಿಂಗಳು ಲಾರಿ ಮಾಲೀಕರು ಮುಷ್ಕರ ಹೂಡಿದರು, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. ಡೀಸೆಲ್ ಮಾತ್ರವಲ್ಲ, ಮುಷ್ಕರ ತಣಿಸುವ ಕೂಲರ್ ಕೂಡ ನಮ್ಮಲ್ಲಿದೆ, ಅದು ಕಾರ್ಖಾನೆಯಿಂದಲೇ ಬರುತ್ತದೆ.

ನಮ್ಮ ಮಾಲೀಕರು ವಾರಂಟಿ ಮುಗಿಯುವವರೆಗೆ ಕಾದು, ಮರುದಿನವೇ ಕೂಲರ್ ಹಾಕಿಸಿದರು. ಮೊನ್ನೆ ನೋಡಿದೆ. ಚಾಸಿಸ್ ಪಕ್ಕದಲ್ಲಿ ಜಾಲರಿ ಕಟ್ಟಿ, ಫ್ಯಾನು ಕೂರಿಸಿ, ಅಚ್ಚುಕಟ್ಟಾಗಿ ಮಾಡಿದ್ದಾರೆ. ಸ್ವಿಚ್ ಒತ್ತಿದರೆ ಸುಂಯ್ ಎಂದು ತಿರುಗುತ್ತದೆ.

ಲಾರಿ ಕ್ಯಾಬಿನ್‌ಗೆ ಎಸಿ ಕಡ್ಡಾಯವಾದದ್ದು 2025ರಲ್ಲಿ, ಅದೂ ಹೊಸದಾಗಿ ತಯಾರಾಗುವ ಗಾಡಿಗಳಿಗೆ. ಈ ಲಾರಿ ಅದಕ್ಕಿಂತ ಮೊದಲಿನದು. ‘ಈಗ ಹೇಗಿದೆ?’ ಎಂದು ಡ್ರೈವರನ್ನು ಕೇಳಿದೆ. ಕೊರಳಿಗೆ ಸುತ್ತಿದ್ದ ಒದ್ದೆ ಟವೆಲ್ ಹಿಂಡಿ ಮತ್ತೆ ಸುತ್ತಿಕೊಳ್ಳುತ್ತಾ, ‘ಡೀಸೆಲ್ ಆರಾಮಾಗಿದೆ ಸಾರ್’ ಎಂದರು.